‘ಜಾಕೋ’ ಎಂದೇ ಪರಿಚಿತರಾದ ಸಿಲ್ವೇನಸ್

ಸೆಪ್ಟೆಂಬರ್ 28, ಶನಿವಾರ

ನಿನ್ನೆ ಸಂಜೆ ವಾರ್ತೆ ಮುಗಿದ ಮೇಲೆ ಟಿವಿ ಕೇಂದ್ರದ ಗೇಟಿನಲ್ಲಿ ಮಿಕೂಡ್ ಊರಿನ ಕಡೆಯ ಗಂಡಸೊಬ್ಬ ನಿಂತು ನನ್ನ ಹೆಸರು ಹಿಡಿದು ಕೂಗಾಡಿದ. ಅವನ ಅಪ್ಪ ತೀರಿಕೊಂಡಿದ್ದಾನೆ. ಮೊನ್ನೆ ವಾರ್ತೆಯ ಕೊನೆಗೆ ನಾನು ಓದಿದ ಸಾವಿನ ಪ್ರಕಟಣೆಯಲ್ಲಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಬ್ರೂಕ್ಲಿನ್‌ನಲ್ಲಿರುವ ಸೋದರತ್ತೆ, ಎಲ್ಲರ ಹೆಸರೂ ಇತ್ತು. ಇವನದೊಂದು ಇರಲಿಲ್ಲ. ಮದುವೆಯ ಹೊರಗೆ ಹುಟ್ಟಿದ ಮಗ. ಬಿಟ್ಟವರು ಬರೆದುಕೊಟ್ಟ ಮನೆಯವರು, ನಾನಲ್ಲ. ಆದರೂ ಓದಿದ ಬಾಯಿ ನನ್ನದು, ಹಾಗಾಗಿ ನಾನೇ ಹೊರಗೆ ಹೋದೆ.

"ಮಿಸ್ ಹೆರ್ಮಿನಾ, ನೀವು ನನ್ ಹೆಸ್ರು ಓದ್ಲಿಲ್ಲ ಅಂದ್ರೆ ಊರಿನವ್ರ ಪಾಲಿಗೆ ಅವ್ರು ನಮ್ಮಪ್ಪನೇ ಅಲ್ಲ ಅಂತಾಯ್ತಲ್ಲ," ಅಂದ. ಕೂಗಾಡಿದ್ದವನು ನನ್ನೆದುರು ಬಂದಾಗ ದನಿ ಇಳಿದುಹೋಗಿತ್ತು.

ಅವನ ಮಾತಿನಲ್ಲಿ ತಪ್ಪಿಲ್ಲ. ನಮ್ಮ ದ್ವೀಪದಲ್ಲಿ ಯಾರು ಯಾರಿಗೆ ಏನಾಗಬೇಕು ಎನ್ನುವುದು ತೀರ್ಮಾನವಾಗುವುದು ಚರ್ಚಿನಲ್ಲೂ ಅಲ್ಲ, ಕೋರ್ಟಿನಲ್ಲೂ ಅಲ್ಲ, ಏಳು ಗಂಟೆಯ ವಾರ್ತೆಯ ಕೊನೆಯಲ್ಲಿ. ಒಂದು ಹೆಸರು ಬಿಟ್ಟುಹೋದರೆ ಮುಂದಿನ ವಾರ್ತೆಯಲ್ಲಿ ಪ್ರಕಟಣೆಯನ್ನು ಪೂರ್ತಿ ಮೊದಲಿಂದ ಓದಬೇಕು, ಅದು ಪದ್ಧತಿ. ಶನಿವಾರ ಭಾನುವಾರ ವಾರ್ತೆಯಿಲ್ಲ, ಸೋಮವಾರ ಓದುತ್ತೇನೆಂದು ಮಾತು ಕೊಟ್ಟು ಕಳಿಸಿದೆ.

ರೇಡಿಯೋದಲ್ಲಿ ಟೆಲಿಫೋನ್ ಎತ್ತಿಕೊಳ್ಳುವ ಹುಡುಗಿಯಾಗಿ ಸೇರಿದವಳು ನಾನು. ಓದಿದ್ದು ಕಡಿಮೆ. ಕಣ್ಣು ಕಾಣದ ಅಜ್ಜಿಗೆ ದಿನಾ ಪ್ರಾರ್ಥನೆಯ ಪುಸ್ತಕ ಓದಿ ಓದಿ ನಾಲಗೆ ತಿರುಗಿತ್ತು. ಯಾವ ಹಳ್ಳಿಯ ಯಾರಿಗೆ ಯಾವ ಅಡ್ಡಹೆಸರು ಎನ್ನುವುದೂ ಗೊತ್ತಿತ್ತು. ಹಾಗಾಗಿ ಮೊದಲು ಸಾವುಗಳನ್ನು ಓದಲು ಕೊಟ್ಟರು. ಆಮೇಲೆ ಟಿವಿ ಬಂತು, ವಾರ್ತೆಯೂ ಬಂತು. ಚಂಡಮಾರುತ, ಚುನಾವಣೆ, ಬಾಳೆಕಾಯಿಯ ದರ, ಪ್ರಧಾನಿಗಳು ಬಂದರು ಹೋದರು. ಸಾವುಗಳನ್ನು ಮಾತ್ರ ನಾನು ಬೇರೆಯವರಿಗೆ ಬಿಟ್ಟುಕೊಟ್ಟವಳಲ್ಲ. ಕಾಗದದಲ್ಲಿದ್ದ ಒಂದು ಹೆಸರನ್ನೂ ಇದುವರೆಗೆ ನುಂಗಿದವಳಲ್ಲ.

ನವೆಂಬರ್ ಕೊನೆಗೆ ಸಾಕು ಎಂದಿದ್ದಾರೆ. ಮಾರ್ವಾ ಎನ್ನುವ ಹುಡುಗಿ ನನ್ನ ಕುರ್ಚಿಯಲ್ಲಿ ಕೂರುತ್ತಾಳಂತೆ. ಬೇಸರವೇನಿಲ್ಲ. ಸಂಜೆಗಳನ್ನು ಏನು ಮಾಡುವುದೋ ನೋಡಬೇಕು, ಅಷ್ಟೆ. ಈ ಪುಸ್ತಕ ಹಿಡಿದದ್ದೂ ಅದಕ್ಕೇ.

ಇವತ್ತು ಬೆಳಿಗ್ಗೆ ಪ್ರತಿ ಶನಿವಾರದಂತೆ ಅಣ್ಣ ಮೀನುಗಾರರ ಊರು ಡೆನ್ನೆರಿಯಿಂದ ವ್ಯಾನಿನಲ್ಲಿ ಬಂದ. ಗೋಡೆಯ ಮೇಲೆ ನಾನಿಟ್ಟಿದ್ದ ನೀಲಿ ಬಕೆಟ್ಟಿಗೆ ಮೀನು ಹಾಕಿ, ಬೆಕ್ಕು ಬಾರದಂತೆ ಮುಚ್ಚಳದ ಮೇಲೆ ಕಲ್ಲಿಟ್ಟು ಒಳಗೆ ಬಂದ. ಕರಿದ ರೊಟ್ಟಿ, ಕೋಕೋ ಚಹಾ ಕೊಟ್ಟೆ. ಮಿಕೂಡ್‌ನವನ ಕಥೆ ಕೇಳಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡ. "ನನ್ನದು ಓದೋವಾಗ ಜಾಕೋ ಅನ್ನೋದನ್ನ ಮರೀಬೇಡ ಮಾರಾಯ್ತಿ. ಸಿಲ್ವೇನಸ್ ಅಂದ್ರೆ ಯಾವನಪ್ಪಾ ಇವನು ಅಂತ ಎಲ್ರೂ ಊಟ ಮುಂದುವರಿಸ್ತಾರೆ," ಅಂದ. ಜಾಕೋ ಎಂದರೆ ನಮ್ಮ ಕಾಡಿನ ಗಿಣಿ. ಚಿಕ್ಕವನಾಗಿದ್ದಾಗ ಬಾಯಿ ಮುಚ್ಚುತ್ತಿರಲಿಲ್ಲವೆಂದು ಅಮ್ಮ ಇಟ್ಟ ಹೆಸರು. ಈಗಲೂ ಮುಚ್ಚುವುದಿಲ್ಲ.

ಎಲ್ಲರೂ ನನ್ನ ಹತ್ತಿರ ಹೀಗೆಯೇ ತಮಾಷೆ ಮಾಡುತ್ತಾರೆ. ಮಾರ್ಕೆಟ್ಟಿನಲ್ಲಿ ಮುದುಕಿಯರು ನನ್ನನ್ನು ಕಂಡರೆ ಬುಟ್ಟಿಯ ಹಿಂದೆ ಅಡಗಿ, ಇನ್ನೂ ನನ್ನ ಸರದಿ ಬಂದಿಲ್ಲ ಕಣೇ ಹೋಗು ಹೋಗು ಅನ್ನುತ್ತಾರೆ.

ಅಕ್ಟೋಬರ್ 3, ಗುರುವಾರ

ಅಣ್ಣನ ದೋಣಿ ನಿನ್ನೆ ರಾತ್ರಿ ದಡಕ್ಕೆ ಬಂದಿಲ್ಲ. ಜೊತೆಗೆ ಹೋಗಬೇಕಾದವನಿಗೆ ಹಲ್ಲುನೋವು, ಒಬ್ಬನೇ ಹೋಗಿದ್ದಾನೆ. ಬೆಳಿಗ್ಗೆ ಅತ್ತಿಗೆ ಯುಲಾಲಿ ಫೋನ್ ಮಾಡಿದಳು. ಅಳುತ್ತಿರಲಿಲ್ಲ, ಬೈಯುತ್ತಿದ್ದಳು. ಎಂಜಿನ್ ರಿಪೇರಿ ಮಾಡಿಸು ಅಂತ ಬಡಕೊಂಡೆ, ನನ್ನ ಮಾತು ಯಾವಾಗ ಕೇಳಿದಾನೆ, ಬರಲಿ ಮನೆಗೆ, ಎಂದು.

ಸಂಪಾದಕ ಥಡ್ಡಿಯಸ್ ನನಗೆ ರಜೆ ತಗೋ ಎಂದ. ಬೇಡ ಎಂದೆ. ಮೊದಲ ಸುದ್ದಿಯಾಗಿ ನಾನೇ ಓದಿದೆ: ಹಳದಿ ಬಣ್ಣದ ದೋಣಿ, ಹಸಿರು ಪಟ್ಟಿ, ಮೂತಿಯ ಮೇಲೆ ‘ಮಾ ಕ್ಲೆಮಾನ್ಸಿಯಾ’ ಎಂಬ ಬರಹ. ನಮ್ಮಮ್ಮನ ಹೆಸರು. ದನಿ ಎಲ್ಲೂ ಒಡೆಯಲಿಲ್ಲ.

ಅಕ್ಟೋಬರ್ 5, ಶನಿವಾರ

ಪಕ್ಕದ ದ್ವೀಪ ಮಾರ್ಟಿನಿಕ್‌ನಿಂದ ಹೆಲಿಕಾಪ್ಟರ್ ಬಂದು ಹುಡುಕಿ ಹೋಯಿತು. ಏನೂ ಇಲ್ಲ.

ನಾನು ಈ ಕೆಲಸದಲ್ಲಿ ಕೂದಲು ನರೆಸಿಕೊಂಡವಳು. ಇಂಥದ್ದು ಹೇಗೆ ಮುಗಿಯುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಯುಲಾಲಿಗೆ ನಿಧಾನವಾಗಿ ಹೇಳಬೇಕು. ಅವಳು ಡೆನ್ನೆರಿಯ ದಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಾಳಂತೆ.

ಶನಿವಾರವಾದ್ದರಿಂದ ಬಕೆಟ್ ತೊಳೆದು ಗೋಡೆಯ ಮೇಲಿಟ್ಟೆ. ಒಳಗೆ ಇಟ್ಟರೆ ಮೀನಿನ ವಾಸನೆ.

ಅಕ್ಟೋಬರ್ 9, ಬುಧವಾರ

ಇವತ್ತು ಮೂರನೆಯ ಸುದ್ದಿ. ಮೊದಲು ಹೊಸ ರಸ್ತೆ, ಆಮೇಲೆ ಆಸ್ಪತ್ರೆಯ ಮುಷ್ಕರ, ಆಮೇಲೆ ನಮ್ಮದು. ಪೊಲೀಸರ ದೋಣಿ ಹುಡುಕುವುದನ್ನು ನಿಲ್ಲಿಸಿದೆ.

ಕಾಣೆಯಾದ ದೋಣಿಯ ಸುದ್ದಿ ಹೇಗೆ ಕೆಳಗಿಳಿಯಬೇಕು ಎನ್ನುವುದು ನಾನೇ ಈ ಕೇಂದ್ರಕ್ಕೆ ಕಲಿಸಿದ ಕ್ರಮ. ಹುಡುಕುತ್ತಿರುವಷ್ಟು ದಿನ ಮೇಲೆ, ನಿಲ್ಲಿಸಿದ ದಿನ ನಡುವೆ, ಆಮೇಲೆ ಹವಾಮಾನಕ್ಕೆ ಮುಂಚೆ ಒಂದು ಸಾಲು, ಆಮೇಲೆ ಇಲ್ಲ. ಬೇರೆಯವರ ಮನೆಯ ಗಂಡಸರಿಗೆ ಹಾಗೆ ಮಾಡಿ ನಮ್ಮನೆಯವನಿಗೆ ಬೇರೆ ಮಾಡಲಾಗುವುದಿಲ್ಲ. ಥಡ್ಡಿಯಸ್‌ಗೂ ಅದನ್ನೇ ಹೇಳಿದೆ. ಪಾಪ, ಅವನೇ ತಲೆ ತಗ್ಗಿಸಿಕೊಂಡ.

ಅಕ್ಟೋಬರ್ 15, ಮಂಗಳವಾರ

ಇವತ್ತಿನ ಪಟ್ಟಿಯಲ್ಲಿ ದೋಣಿ ಇರಲಿಲ್ಲ. ಹವಾಮಾನದವನ ಹತ್ತಿರ ಹೋಗಿ, ಸಮುದ್ರದ ಮಾತು ಬಂದಾಗ ಹಳದಿ ದೋಣಿ ಕಂಡವರು ತಿಳಿಸಿ ಅಂತ ಒಂದು ಮಾತು ಸೇರಿಸ್ತೀಯಾ ಎಂದು ಕೇಳಿದೆ. ಯುಲಾಲಿಯ ಸಮಾಧಾನಕ್ಕೆ. ಸೇರಿಸಿದ, ಒಳ್ಳೆಯ ಹುಡುಗ.

ಅಕ್ಟೋಬರ್ 19, ಶನಿವಾರ

ಡೆನ್ನೆರಿಗೆ ಹೋಗಿದ್ದೆ. ದೀವಿಹಲಸು ಸುಟ್ಟು, ಉಪ್ಪುಮೀನಿನ ಜೊತೆ ಯುಲಾಲಿ ಬಡಿಸಿದಳು. ತಾನು ತಿನ್ನಲಿಲ್ಲ. ಊಟವಾದ ಮೇಲೆ ಮನಸ್ಸು ಗಟ್ಟಿಮಾಡಿಕೊಂಡು ವಿಷಯ ತೆಗೆದೆ. ಪಾದ್ರಿಯವರು ಪೂಜೆ ಮಾಡಿಸಲು ಒಪ್ಪಿದ್ದಾರೆ, ಆದರೆ ಅದಕ್ಕೆ ಮೊದಲು ಪ್ರಕಟಣೆ ಆಗಬೇಕು. ನಾನು ಕುರ್ಚಿಯಲ್ಲಿ ಇರುವುದು ನವೆಂಬರ್‌ವರೆಗೆ. ಅಷ್ಟರೊಳಗೆ ಆದರೆ ನಾನೇ ಓದುತ್ತೇನೆ, ಜಾಕೋನ ಸುದ್ದಿಯನ್ನು ಯಾವಳೋ ಹೊಸಬಳು ಓದುವುದು ಬೇಡ ಎಂದೆ.

ಅವಳು ತಟ್ಟೆ ಎತ್ತಿಕೊಂಡು ಎದ್ದಳು. "ನೋಡು ಹೆರ್ಮಿನಾ, ನೀನು ಓದಿದ್ರೆ ಮುಗೀತು. ನಿನ್ನ ಬಾಯಲ್ಲಿ ಬಂದದ್ದನ್ನ ಈ ಊರಲ್ಲಿ ಯಾರೂ ವಾಪಸ್ ತಗೊಳ್ಳಲ್ಲ. ಆಮೇಲೆ ಅವ್ನು ಈಜಿಕೊಂಡೇ ಬಂದ್ರೂ ಜನ ದೆವ್ವ ಅಂತ ಕಲ್ಲು ಹೊಡೀತಾರೆ."

ನನಗೆ ನಗು ಬಂತು, ಅವಳಿಗೂ ಬಂತು. ಆಮೇಲೆ ಅವಳು ತಟ್ಟೆ ತೊಳೆಯಲು ಹೋದಳು. ಪಾಪ, ಇನ್ನೂ ಒಪ್ಪಿಕೊಂಡಿಲ್ಲ. ಕಾಲ ಬೇಕು.

ವಾಪಸ್ ಬರುವಾಗ ಬೇಗ ಬಂದೆ. ಬೆಳಿಗ್ಗೆ ಬಕೆಟ್ ಹೊರಗಿಟ್ಟು ಹೋಗಿದ್ದೆ, ಗಾಳಿಗೆ ಬಿದ್ದಿದ್ದರೆ ಎಂದು ಯೋಚನೆ.

ಅಕ್ಟೋಬರ್ 27, ಭಾನುವಾರ

ನಮ್ಮ ಆಡುನುಡಿ ಪಾಟ್ವಾದ ಹಬ್ಬ. ಎಲ್ಲರೂ ಚೌಕಳಿ ಬಟ್ಟೆ ಉಟ್ಟಿದ್ದರು. ನಾನು ಹೋಗಲಿಲ್ಲ. ಹೊರಗೆ ಕುಣಿತದ ವಯೊಲಿನ್ ಕೇಳುತ್ತಿತ್ತು. ಅಣ್ಣನಿಗೆ ಈ ಕುಣಿತ ಎಂದರೆ ಪ್ರಾಣ, ಹೆಜ್ಜೆ ಮಾತ್ರ ಒಂದೂ ಸರಿಯಾಗಿ ಹಾಕುವುದಿಲ್ಲ.

ನವೆಂಬರ್ 2, ಶನಿವಾರ

ಸತ್ತವರ ದಿನ. ಸಂಜೆ ಡೆನ್ನೆರಿಯ ಸ್ಮಶಾನದಲ್ಲಿ ಅಮ್ಮ ಅಪ್ಪನ ಗೋರಿಗೆ ಸುಣ್ಣ ಬಳಿದು ಮೇಣದಬತ್ತಿ ಹಚ್ಚಿದೆವು. ಗುಡ್ಡವೆಲ್ಲ ಸಣ್ಣ ಸಣ್ಣ ಬೆಳಕು, ಮಕ್ಕಳು ಕರಗಿದ ಮೇಣವನ್ನು ಉಂಡೆ ಮಾಡಿ ಓಡಾಡುತ್ತಿದ್ದವು. ಯುಲಾಲಿ ಚೀಲದಿಂದ ಇನ್ನೊಂದು ಮೇಣದಬತ್ತಿ ತೆಗೆದಳು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಅಮ್ಮನ ಗೋರಿಯ ಮೂಲೆಯಲ್ಲಿ ಇಡಲು ಹೋದಳು.

ನಾನು ಕೈ ಹಿಡಿದೆ. ಗೋರಿ ಇಲ್ಲದವರಿಗೆ ಎಲ್ಲಿ ಅಂತ ಹಚ್ಚುತ್ತೀಯ, ಪ್ರಕಟಣೆ ಆಗಲಿ, ಪೂಜೆ ಆಗಲಿ, ಕ್ರಮವಾಗಿ ಹಚ್ಚೋಣ ಎಂದೆ. ಎಲ್ಲಕ್ಕೂ ಒಂದು ಕ್ರಮವಿದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಬತ್ತಿಯನ್ನು ಚೀಲಕ್ಕೆ ಹಾಕಿದಳು. ಸಿಟ್ಟಾದಳೇನೋ.

ಆ ಮೇಣದಬತ್ತಿ ನನ್ನ ಹತ್ತಿರವೇ ಉಳಿದಿದೆ. ನಾನೇ ಕೇಳಿ ತಂದೆ. ಕರೆಂಟ್ ಹೋದಾಗ ಬೇಕಾಗುತ್ತದೆ.

ನವೆಂಬರ್ 9, ಶನಿವಾರ

ಮಳೆ. ಬಕೆಟ್ಟಿನ ಮುಚ್ಚಳದ ಮೇಲಿನ ಕಲ್ಲು ಉರುಳಿ ಹೋಗಿತ್ತು, ನದಿ ಬದಿಯಿಂದ ಚಪ್ಪಟೆಯಾದ ಇನ್ನೊಂದು ತಂದೆ. ಅಣ್ಣಾ, ನೀನು ಇಡುತ್ತಿದ್ದುದು ಗುಂಡು ಕಲ್ಲು, ಅದಕ್ಕೇ ಬೆಕ್ಕು ಉರುಳಿಸುತ್ತಿತ್ತು. ಎಷ್ಟು ಸಲ ಹೇಳಿದ್ದೇನೆ. ಹೊಸ ಮೀನುಗಾಳ ಬೇಕು ಎಂದಿದ್ದೆಯಲ್ಲ, ಬಂದರಿನ ಅಂಗಡಿಯಲ್ಲಿ ಒಳ್ಳೆಯವು ಬಂದಿದ್ದವು, ತೆಗೆದುಕೊಂಡೆ. ಮಾರ್ವಾ ವಾರ್ತೆಗೆ ಮೊದಲು ಸೋಡಾ ಕುಡಿಯುತ್ತಾಳೆ, ತೇಗು ಬಂದರೆ ಏನು ಗತಿ ಹೇಳು.

ನವೆಂಬರ್ 14, ಗುರುವಾರ

ಮಾರ್ವಾಳಿಗೆ ಸಾವಿನ ಪ್ರಕಟಣೆ ಓದುವುದನ್ನು ಹೇಳಿಕೊಡುತ್ತಿದ್ದೇನೆ. ಹುಡುಗಿಗೆ ಒಳ್ಳೆಯ ಕಂಠವಿದೆ, ಆದರೆ ಮುಖವನ್ನು ಅಳುವ ಹಾಗೆ ಮಾಡಿಕೊಳ್ಳುತ್ತಾಳೆ. ಬೇಡಮ್ಮ ಎಂದೆ. ನೀನು ಅತ್ತರೆ ಅವರಿಗೆ ಅಳಲು ಜಾಗವಿರುವುದಿಲ್ಲ. ಹೆಸರಾದ ಮೇಲೆ ಉಸಿರು, ಅಡ್ಡಹೆಸರಾದ ಮೇಲೆ ಉಸಿರು, ಏಕೆಂದರೆ ಆಗಲೇ ಮನೆಮನೆಗಳಲ್ಲಿ ಅಯ್ಯೋ ಅವನಾ ಅನ್ನುತ್ತಾರೆ. ಆಮೇಲೆ ಬಳಗ. ಹತ್ತಿರದವರಿಂದ ದೂರದವರ ಕಡೆಗೆ, ನಡುವೆ ನಿಲ್ಲಬಾರದು.

"ಮಿಸ್ ಹೆರ್ಮಿನಾ, ಜನ ನಿಮಗೆ ಏನಂತಾರೆ, ಆಮೇಲೆ ಸಿಕ್ಕಾಗ?" ಅಂತ ಕೇಳಿದಳು.

ಒಂದೇ ಮಾತು ಅನ್ನುತ್ತಾರೆ. ಸಾಯುವಾಗ ಪಕ್ಕದಲ್ಲೇ ಇದ್ದವರು, ಕಣ್ಣು ಮುಚ್ಚಿಸಿದವರು, ಪೆಟ್ಟಿಗೆ ಆರಿಸಿದವರು ಕೂಡ ಬಂದು, ನೀವು ಓದುವವರೆಗೂ ನಾನು ನಂಬಿರಲಿಲ್ಲ ಎನ್ನುತ್ತಾರೆ. ಯಾಕೆ ಹಾಗನ್ನುತ್ತಾರೋ ನನಗೆ ಇವತ್ತಿಗೂ ತಿಳಿಯದು. ಧನ್ಯವಾದ ಅಂದು ಮುಂದೆ ಹೋಗು ಎಂದೆ.

ನವೆಂಬರ್ 20, ಬುಧವಾರ

ಮಾರ್ಟಿನಿಕ್‌ನ ದಕ್ಷಿಣದ ದಡದಲ್ಲಿ ಒಂದು ಹಲಗೆ ಸಿಕ್ಕಿದೆ. ಅಲ್ಲಿಯ ಪೊಲೀಸರು ಕಳಿಸಿದ ಫೋಟೋವನ್ನು ಥಡ್ಡಿಯಸ್ ಬಾಗಿಲು ಹಾಕಿಕೊಂಡು ನನಗೆ ತೋರಿಸಿದ. ಹಳದಿ ಬಣ್ಣ, ಹಸಿರು ಪಟ್ಟಿ, ‘ಕ್ಲೆಮಾ’ ಎಂಬಷ್ಟು ಅಕ್ಷರ. ಅಮ್ಮನ ಹೆಸರಿನ ಅಕ್ಷರಗಳಿಗೆ ಬಣ್ಣ ತುಂಬಿದವಳು ನಾನೇ, ಈಸ್ಟರ್ ರಜೆಯಲ್ಲಿ. ‘ಕ್ಲೆ’ ಸ್ವಲ್ಪ ಸೊಟ್ಟಗಿದೆ. ಹೌದು, ನಮ್ಮದೇ ಎಂದೆ.

ಯುಲಾಲಿಗೆ ನಾನೇ ಹೋಗಿ ತಿಳಿಸಿದೆ. ಅವಳು ದಡದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಮನೆಗೆ ತಂದು ಗೋಡೆಗೆ ಒರಗಿಸಿದಳು. ಆಮೇಲೆ ಅಡಿಗೆಮನೆಗೆ ಹೋಗಿ ಬಾಗಿಲಿಗೆ ತಲೆ ಒತ್ತಿಕೊಂಡು ಅತ್ತಳು, ಅಕ್ಕಪಕ್ಕದವರು ಓಡಿ ಬಂದರು. ಹೊರಡುವಾಗ ನನ್ನ ಕೈ ಹಿಡಿದು, ಬರೆದುಬಿಡು ಹೆರ್ಮಿನಾ, ಓದಿಬಿಡು ಅಂದಳು.

ಅಂತೂ ಒಪ್ಪಿಕೊಂಡಳು. ನಾನು ಮೊದಲ ವಾರದಿಂದ ಹೇಳುತ್ತಿದ್ದೆ. ಒಂದು ಹಲಗೆ ಕಿತ್ತುಹೋದರೂ ದೋಣಿ ತೇಲುತ್ತದೆ ಎನ್ನುವುದು ಬೇರೆ ಮಾತು.

ನವೆಂಬರ್ 24, ಭಾನುವಾರ

ಪ್ರಕಟಣೆ ಬರೆದು ಮುಗಿಸಿದೆ. ಯುಲಾಲಿ ಎದುರಿಗೆ ಕೂತು ಒಂದೊಂದೇ ಹೆಸರು ಹೇಳಿದಳು. ಹೆಂಡತಿ ಯುಲಾಲಿ, ಲಂಡನ್ನಿನಲ್ಲಿರುವ ಮಗಳು ಜೋಸೆಟ್, ಅಳಿಯ, ಮೊಮ್ಮಕ್ಕಳಿಬ್ಬರು. ತಂಗಿ ಹೆರ್ಮಿನಾ. ಆಮೇಲೆ ಅವಳ ತಮ್ಮಂದಿರು, ಡೆನ್ನೆರಿಯ ಮೀನುಗಾರರು, ಡಾಮಿನೋ ಆಟದ ಗೆಳೆಯರು. ಯಾರನ್ನೂ ಬಿಡಬಾರದು, ಬಿಟ್ಟರೆ ನಾನು ಊರಲ್ಲಿ ಬಾಳುವ ಹಾಗಿಲ್ಲ ಎಂದಳು. ನನ್ನ ಹೆಸರನ್ನು ನಾನೇ ಬರೆದೆ, ನನ್ನ ಕೈಬರಹದಲ್ಲೇ. ಅದು ಬೇರೆಯವರ ಮನೆಯ ಕಾಗದದಂತೆಯೇ ಕಂಡಿತು. ಒಳ್ಳೆಯದು, ಓದುವಾಗ ತೊಂದರೆಯಾಗುವುದಿಲ್ಲ.

ನವೆಂಬರ್ 29, ಶುಕ್ರವಾರ

ಮುಗಿಯಿತು.

ಕೇಕ್ ತಂದಿದ್ದರು. ಕಾರ್ಯಕ್ರಮದ ನಡುವೆ ನನ್ನ ಹಳೆಯ ಫೋಟೋಗಳನ್ನು ತೋರಿಸಿದರು. ದೊಡ್ಡ ಕನ್ನಡಕ, ಗೋಪುರದಂಥ ತಲೆಗೂದಲು. ಕ್ಯಾಮೆರಾದವರು ಮುಸಿಮುಸಿ ನಕ್ಕರು. ಮಂತ್ರಿಯ ಭಾಷಣ ಓದಿದೆ, ಕ್ರಿಕೆಟ್ ಓದಿದೆ. ಕೊನೆಗೆ ಸಾವುಗಳು. ಮೂರು ಇದ್ದವು, ಅಣ್ಣನದು ಮೂರನೆಯದು.

ಹೇಗೆ ಓದಬೇಕೋ ಹಾಗೆ ಓದಿದೆ. ಹೆಸರಾದ ಮೇಲೆ ಉಸಿರು, ಜಾಕೋ ಎಂದಾದ ಮೇಲೆ ಉಸಿರು. ಬಳಗ ಪೂರ್ತಿ, ಡಾಮಿನೋದವರವರೆಗೆ. ಒಂದು ಸಲವೂ ತಡವರಿಸಲಿಲ್ಲ. ದೀಪಗಳು ಆರಿದ ಮೇಲೆ ನೋಡಿದರೆ ಮಾರ್ವಾ, ಥಡ್ಡಿಯಸ್, ಎಲ್ಲರೂ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು. ದನಿ ನಡುಗುತ್ತದೆ ಎಂದು ಕಾಯುತ್ತಿದ್ದರೇನೋ. ಆಮೇಲೆ ಬೀಳ್ಕೊಡುಗೆಯ ಕೇಕ್ ಕತ್ತರಿಸಿದರು.

ಒಂದು ಹೆಸರನ್ನೂ ನುಂಗದೆ ಮುಗಿಸಿದೆ ಎಂಬುದೊಂದು ತೃಪ್ತಿ.

ನವೆಂಬರ್ 30, ಶನಿವಾರ

ಬೆಳಿಗ್ಗೆ ಬಕೆಟ್ ಹೊರಗಿಡುತ್ತಿದ್ದಾಗ ವ್ಯಾನಿನಿಂದ ಯುಲಾಲಿ ಇಳಿದಳು. ಕಪ್ಪು ಬಟ್ಟೆ, ಕೆಂಪು ಕಣ್ಣು. ಕೂರು ಎಂದರೆ ಕೂರಲಿಲ್ಲ.

"ನಾನು ನಿನಗೇನು ಅನ್ಯಾಯ ಮಾಡಿದ್ದೆ ಹೇಳು," ಅಂದಳು. ನನಗೆ ಅರ್ಥವಾಗಲಿಲ್ಲ. "ರಾತ್ರಿಯಿಂದ ಊರಿಗೆ ಊರೇ ಮನೆ ಬಾಗ್ಲಿಗೆ ಬರ್ತಿದೆ. ಒಡಹುಟ್ಟಿದವಳ ಹೆಸ್ರನ್ನೇ ಕಿತ್ತುಹಾಕಿಸಿದಾಳೆ, ಎಂಥಾ ಹೆಂಗ್ಸು, ಅಂತ ನನ್ನ ಮುಖಕ್ಕೇ ಅಂದ್ರು. ಜೋಸೆಟ್ ಲಂಡನ್ನಿಂದ ಫೋನ್ ಮಾಡಿ, ಅತ್ತೆ ಜೊತೆ ಯಾಕಮ್ಮಾ ಜಗಳ ಅಂತಾಳೆ."

ಓದಿದೆನಲ್ಲ ಎಂದೆ. ಮೊಮ್ಮಕ್ಕಳು, ಆಮೇಲೆ ತಂಗಿ ಹೆರ್ಮಿನಾ, ಆಮೇಲೆ ನಿನ್ನ ತಮ್ಮಂದಿರು. ನನ್ನ ಕಿವಿಯಲ್ಲೇ ಇದೆ ಎಂದೆ.

"ಓದಿಲ್ಲ. ಮೊಮ್ಮಕ್ಕಳಾದ್ಮೇಲೆ ನೀನು ಉಸಿರು ಎಳಕೊಂಡೆ. ಆಮೇಲೆ ನನ್ನ ತಮ್ಮಂದಿರು."

ಅವಳು ಸುಳ್ಳು ಹೇಳುವವಳಲ್ಲ. ಕಾಗದ ನನ್ನ ಚೀಲದಲ್ಲೇ ಇತ್ತು. ತೆಗೆದು ನೋಡಿದೆ, ಹೆಸರು ಇದ್ದಲ್ಲೇ ಇತ್ತು. ಥಡ್ಡಿಯಸ್‌ಗೆ ಫೋನ್ ಮಾಡಿದೆ. ನಿನ್ನೆಯೇ ಕೇಂದ್ರಕ್ಕೆ ತುಂಬಾ ಫೋನ್ ಬಂದವಂತೆ. ಅಕ್ಕಾ, ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ ಎಂದ. ಸೋಮವಾರ ಮಾರ್ವಾ ಪೂರ್ತಿ ಓದುತ್ತಾಳೆ, ಪದ್ಧತಿ ಪ್ರಕಾರ.

ಯುಲಾಲಿಯ ಸಿಟ್ಟು ಅಷ್ಟಕ್ಕೇ ಇಳಿಯಿತು. ನೀರು ಕುಡಿದಳು. ಹೊರಡುವಾಗ ಗೋಡೆಯ ಮೇಲಿನ ಬಕೆಟ್ಟನ್ನೂ, ಅದರ ಮುಚ್ಚಳವನ್ನೂ, ಕಲ್ಲನ್ನೂ ನೋಡಿದಳು. ನನ್ನನ್ನು ನೋಡಿದಳು. ನನ್ನ ಕೆನ್ನೆಯನ್ನು ಅಂಗೈಯಿಂದ ಒಂದು ಸಲ ಮುಟ್ಟಿ ಹೋದಳು.

ದಣಿವಾಗಿರಬೇಕು. ಇಷ್ಟು ವರ್ಷದಲ್ಲಿ ಒಂದು ಸಲ.

ಡಿಸೆಂಬರ್ 2, ಸೋಮವಾರ

ಏಳು ಗಂಟೆಗೆ ನಾನು ಮನೆಯಲ್ಲಿ ಕೂತು ವಾರ್ತೆ ನೋಡಿದ್ದು ಇದೇ ಮೊದಲು. ನನ್ನ ಟಿವಿಯಲ್ಲಿ ಬಣ್ಣ ಹಸಿರಿಗೆ ತಿರುಗಿದೆ, ಇದುವರೆಗೆ ಗೊತ್ತೇ ಇರಲಿಲ್ಲ. ಮಡಿಲಲ್ಲಿ ಬಟಾಣಿಯ ಬುಟ್ಟಿ ಇಟ್ಟುಕೊಂಡು ಸುಲಿಯುತ್ತಾ ಕೂತೆ. ಮಾರ್ವಾ ನೀಲಿ ಕೋಟು ಹಾಕಿದ್ದಳು. ತೇಗು ಬರಲಿಲ್ಲ.

ಕೊನೆಗೆ, ಶುಕ್ರವಾರದ ಪ್ರಕಟಣೆಯಲ್ಲಿ ಒಂದು ಹೆಸರು ತಪ್ಪಿಹೋಗಿದ್ದಕ್ಕೆ ವಿಷಾದಿಸುತ್ತೇವೆ ಎಂದು ಹೇಳಿ ಮೊದಲಿಂದ ಓದಿದಳು. ಡೆನ್ನೆರಿಯ ನಿವಾಸಿ ಸಿಲ್ವೇನಸ್ ಶಾರ್ಲ್‌ಮಾನ್. ಉಸಿರು. ‘ಜಾಕೋ’ ಎಂದೇ ಪರಿಚಿತರಾದವರು. ಉಸಿರು. ಸಮುದ್ರದಲ್ಲಿ ತೀರಿಕೊಂಡಿದ್ದಾರೆ. ಹೆಂಡತಿ ಯುಲಾಲಿ. ಮಗಳು ಜೋಸೆಟ್, ಅಳಿಯ, ಮೊಮ್ಮಕ್ಕಳು. ತಂಗಿ ಹೆರ್ಮಿನಾ.

ಮುಖವನ್ನು ಅಳುವ ಹಾಗೆ ಮಾಡಿಕೊಳ್ಳಲಿಲ್ಲ, ನಾನು ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಾಳೆ. ಅಳಲು ನನಗೆ ಬೇಕಾದಷ್ಟು ಜಾಗ ಬಿಟ್ಟಳು.

ಬಟಾಣಿಯೆಲ್ಲ ನೆಲಕ್ಕೆ ಚೆಲ್ಲಿಹೋಗಿತ್ತು. ಎಷ್ಟು ಹೊತ್ತಿನ ಮೇಲೋ ಎದ್ದು ಹೊರಗೆ ಹೋದೆ. ಗೋಡೆಯ ಮೇಲೆ ಬಕೆಟ್ ಇತ್ತು. ಕಲ್ಲು ತೆಗೆದೆ, ಮುಚ್ಚಳ ತೆಗೆದೆ, ಒಳಗೆ ಕೈ ಹಾಕಿ ತಳವನ್ನು ಮುಟ್ಟಿ ನೋಡಿದೆ. ಬಕೆಟ್ಟನ್ನು ಎದೆಗೆ ಒತ್ತಿಕೊಂಡು ಒಳಗೆ ತಂದು ಸ್ನಾನದ ಮನೆಯಲ್ಲಿ ಬೋರಲು ಹಾಕಿದೆ. ಮೇಣದಬತ್ತಿಯನ್ನು ಹುಡುಕಿ, ಕರೆಂಟ್ ಇದ್ದಾಗಲೇ ಹಚ್ಚಿ, ಅಡಿಗೆಮನೆಯ ಕಿಟಕಿಯಲ್ಲಿಟ್ಟೆ.

ಆಗ ಫೋನ್ ಬಂತು. ಸೂಫ್ರಿಯೇರ್ ಕಡೆಯ ಯಾರೋ ಮುದುಕಿ, ನನಗೆ ಪರಿಚಯವಿಲ್ಲ. ಎಷ್ಟೋ ವರ್ಷದ ಹಿಂದೆ ಅವಳ ಗಂಡನ ಪ್ರಕಟಣೆಯನ್ನು ನಾನು ಓದಿದ್ದೆನಂತೆ.

"ಮಿಸ್ ಹೆರ್ಮಿನಾ, ನಿಮ್ಮಣ್ಣ ಹೋದ್ರಂತಲ್ಲಮ್ಮ. ನಾನು ಈಗ್ಲೇ ಕೇಳಿದ್ದು."

"ನಾನೂ ಈಗ್ಲೇ ಕೇಳಿದ್ದು ಕಣಮ್ಮ," ಅಂದೆ.